ಡ್ರೋನನ್ನೂ ಸ್ವಾಯತ್ತ ಅಸ್ತ್ರವನ್ನೂ ಬೇರೆ ಮಾಡಿ
"ಗುಂಡಿ ಒತ್ತೋದು ಮನುಷ್ಯನೇ ಅಲ್ವಾ?" ಎಂದು ಎದುರಾಳಿ ಕೇಳಿದ ಕೂಡಲೇ, ಡ್ರೋನು ಮತ್ತು ಸ್ವಾಯತ್ತ ಅಸ್ತ್ರಗಳ ವಿರುದ್ಧದ ನಿಮ್ಮ ಚರ್ಚಾಸ್ಪರ್ಧೆಯ ವಾದ ಕುಸಿಯುತ್ತಿರುವುದಕ್ಕೆ ಕಾರಣ ಬಹುಶಃ ಇದು: ಮನುಷ್ಯ ದೂರದಿಂದ ನಡೆಸುವ ಡ್ರೋನು, ಗುರಿಯನ್ನು ತಾನೇ ಆರಿಸುವ ಸ್ವಾಯತ್ತ ಅಸ್ತ್ರ, ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ.

ಮೊದಲು ಅವನ್ನು ಬಿಡಿಸಿ. ಡ್ರೋನಿಗೆ ಉದಾಹರಣೆಯಾಗಿ 2021ರ ಆಗಸ್ಟ್ 29ರ ಕಾಬೂಲ್ ದಾಳಿ ಸಾಕು. ಅಮೆರಿಕದ ಸೇನೆ ಒಂದು ಬಿಳಿ ಕಾರನ್ನು ಗಂಟೆಗಟ್ಟಲೆ ಹಿಂಬಾಲಿಸಿ, ಅದರಲ್ಲಿ ಸ್ಫೋಟಕ ಇದೆಯೆಂದು ನಂಬಿ ಹೊಡೆಯಿತು. ಸತ್ತವರು 7 ಮಕ್ಕಳೂ ಸೇರಿ 10 ಮಂದಿ ನಾಗರಿಕರು. ಪರದೆ ಮುಂದೆ ಕೂತಿದ್ದವರು ಮನುಷ್ಯರೇ. "ಹಾಗಾದರೆ ಯಂತ್ರವೇ ವಾಸಿ" ಅಂತ ಎದುರಾಳಿ ಹೇಳಿಯೇ ಹೇಳುತ್ತಾರೆ. ಅಲ್ಲಿ ಹೊಣೆ ಯಾರದೆಂದು ಪ್ರಶ್ನಿಸಲು ಕನಿಷ್ಠಪಕ್ಷ ಮನುಷ್ಯರಾದರೂ ಇದ್ದರು ಅನ್ನಿ. (ಯಾರಿಗೂ ಶಿಕ್ಷೆಯಾಗಲಿಲ್ಲ. ಕೆದಕಿದರೆ ಒಪ್ಪಿಕೊಳ್ಳಿ, ಮುಚ್ಚಿಡಬೇಡಿ.)

ಆಮೇಲೆ ಸ್ವಾಯತ್ತ ಅಸ್ತ್ರಕ್ಕೆ ಬನ್ನಿ: ತಪ್ಪಿದರೆ ಹೊಣೆ ಕಮಾಂಡರನದೋ, ಕೋಡ್ ಬರೆದವರದೋ, ತಯಾರಕರದೋ? ಕಾನೂನಿನಲ್ಲಿ ಇದಿನ್ನೂ ಇತ್ಯರ್ಥವಾಗಿಲ್ಲ. ತೀರ್ಪಿನಂತೆ ಹೇಳದೆ ಪ್ರಶ್ನೆಯಾಗಿಯೇ ಇಡಿ.

"ಎಲ್ಲವನ್ನೂ ನಿಷೇಧಿಸಿ" ಅನ್ನಬೇಡಿ. ನುಗ್ಗಿಬರುವ ಕ್ಷಿಪಣಿಯನ್ನು ತಾನಾಗಿ ಹೊಡೆಯುವ ಫ್ಯಾಲಾಂಕ್ಸ್‌ನಂಥ ಬಂದೂಕುಗಳು ಯುದ್ಧನೌಕೆಗಳಲ್ಲಿ ದಶಕಗಳಿಂದ ಇವೆ, ಅಲ್ಲೇ ಸಿಕ್ಕಿಬೀಳುತ್ತೀರಿ. ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2021ರಲ್ಲಿ ಕೇಳಿದ್ದನ್ನೇ ಕೇಳಿ: ಮನುಷ್ಯರನ್ನು ಗುರಿ ಮಾಡುವ ಅಥವಾ ಪರಿಣಾಮ ಊಹಿಸಲಾಗದ ಸ್ವಾಯತ್ತ ಅಸ್ತ್ರಗಳಿಗೆ ನಿಷೇಧ, ಉಳಿದವಕ್ಕೆ ಕಟ್ಟುಪಾಡು.