ಅಂಗಡಿಗೆ ವಿಮೆ ಇದೆ, ಗಿರಾಕಿಯ ಮುಖಕ್ಕೆ?

ಬ್ಯೂಟಿ ಪಾರ್ಲರ್, ಸ್ಕಿನ್‌ಕೇರ್ ಸ್ಟುಡಿಯೊ ನಡೆಸುವವರು ಕಳಿಸಿದ ಮೂರು ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ದಾವಣಗೆರೆಯಲ್ಲಿ ಎಂಟು ವರ್ಷದಿಂದ ಲೇಡೀಸ್ ಪಾರ್ಲರ್ ನಡೆಸುತ್ತಿದ್ದೇನೆ. ಕಳೆದ ತಿಂಗಳು ಒಬ್ಬ ಹುಡುಗಿಗೆ ಬ್ಲೀಚ್ ಮತ್ತು ಫೇಶಿಯಲ್ ಮಾಡಿದೆ. ಎರಡು ದಿನಕ್ಕೆ ಅವಳ ಮದುವೆ ಇತ್ತು. ಅದೇ ರಾತ್ರಿ ಮುಖ ಕೆಂಪಾಗಿ ಊದಿಕೊಂಡಿತು. ಐದು ಲಕ್ಷ ಕೊಡಿ, ಇಲ್ಲದಿದ್ದರೆ ಗ್ರಾಹಕರ ಕೋರ್ಟಿಗೆ ಹೋಗುತ್ತೇವೆ ಎಂದು ಮನೆಯವರು ಹೇಳುತ್ತಿದ್ದಾರೆ. ಮುದ್ರಾ ಸಾಲ ತೆಗೆದಾಗ ಬ್ಯಾಂಕಿನವರೇ ಒಂದು ವಿಮೆ ಮಾಡಿಸಿದ್ದರು. ಅದರಲ್ಲಿ ಇದಕ್ಕೆ ದುಡ್ಡು ಸಿಗುತ್ತದಾ?

ಉತ್ತರ: ಸಿಗುವುದು ಅನುಮಾನ, ಮೇಡಂ. ಬ್ಯಾಂಕು ಮಾಡಿಸುವ ವಿಮೆ ಸಾಮಾನ್ಯವಾಗಿ ತನ್ನ ಸಾಲ ಮುಳುಗದಿರಲಿ ಎಂದು. ಅಂಗಡಿ ಸುಟ್ಟರೆ, ನೀರು ನುಗ್ಗಿದರೆ ಕುರ್ಚಿ, ಕನ್ನಡಿ, ಸ್ಟೀಮರ್, ಕ್ರೀಮಿನ ಸ್ಟಾಕ್ ಇವುಗಳ ನಷ್ಟ ತುಂಬಿಕೊಡುತ್ತದೆ. ಈಗ ಸಣ್ಣ ಉದ್ದಿಮೆಗಳಿಗೆ ಕೊಡುವುದು ಹೆಚ್ಚಾಗಿ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ. ಒಂದು ಜಾಗದ ಆಸ್ತಿ 5 ಕೋಟಿ ರೂಪಾಯಿವರೆಗೆ ಇದ್ದರೆ ಇದು ಅನ್ವಯ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಇದರ ನಿಯಮ ಒಂದೇ. ಆದರೆ ಅದು ಕಾಯುವುದು ವಸ್ತುಗಳನ್ನು. ನಿಮ್ಮ ಕೈಯಿಂದ ಇನ್ನೊಬ್ಬರಿಗೆ ಆದ ತೊಂದರೆ ಅದರ ಲೆಕ್ಕಕ್ಕೆ ಬರುವುದಿಲ್ಲ.

ಆದರೂ ಪಾಲಿಸಿ ತೆಗೆದು ಒಮ್ಮೆ ನೋಡಿ. ಕೆಲವರಿಗೆ ಗೊತ್ತಿಲ್ಲದೆಯೇ ‘ಶಾಪ್‌ಕೀಪರ್ಸ್’ ಪ್ಯಾಕೇಜ್ ಕೊಟ್ಟಿರುತ್ತಾರೆ. ಅದರಲ್ಲಿ ಬೆಂಕಿ, ಕಳವು, ಗಾಜು, ಕ್ಯಾಶ್ ಜೊತೆಗೆ ‘ಪಬ್ಲಿಕ್ ಲಯಬಿಲಿಟಿ’ ಎನ್ನುವ ಭಾಗವೂ ಇರಬಹುದು. ಇದ್ದರೂ ತಕ್ಷಣ ಖುಷಿಪಡಬೇಡಿ. ಒದ್ದೆ ನೆಲದಲ್ಲಿ ಗಿರಾಕಿ ಜಾರಿ ಬಿದ್ದು ಕೈ ಮುರಿದುಕೊಂಡರೆ ಅದು ಪಬ್ಲಿಕ್ ಲಯಬಿಲಿಟಿ. ನೀವು ಹಚ್ಚಿದ ಬ್ಲೀಚಿನಿಂದ ಮುಖ ಸುಟ್ಟರೆ ಅದು ಕೆಲಸದಲ್ಲಿ ಆದ ತಪ್ಪು. ಅದಕ್ಕೆ ‘ಪ್ರೊಫೆಷನಲ್ ಇಂಡೆಮ್ನಿಟಿ’ ಬೇಕು. ಡಾಕ್ಟರು, ಸಿಎಗಳು ಮಾಡಿಸುವುದು ಇದನ್ನೇ. ನಮ್ಮಲ್ಲಿ ಪಾರ್ಲರಿನವರಿಗೆ ಇದು ಇನ್ನೂ ರೂಢಿಯಾಗಿಲ್ಲ. ಏಜೆಂಟರೂ ತಾವಾಗಿ ಹೇಳುವುದು ಕಡಿಮೆ. ನೀವೇ ಕೇಳಬೇಕು. ‘ಬ್ಲೀಚ್, ವ್ಯಾಕ್ಸಿಂಗ್, ಪೀಲ್ ಮಾಡುತ್ತೇನೆ, ಇವುಗಳಿಂದ ಗಿರಾಕಿಗೆ ಗಾಯವಾದರೆ ಕವರ್ ಇದೆಯಾ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಏಜೆಂಟ್ ಫೋನಿನಲ್ಲಿ ‘ಎಲ್ಲಾ ಇದೆ ಮೇಡಂ’ ಅಂದದ್ದು ಕ್ಲೇಮಿನ ದಿನ ಕೆಲಸಕ್ಕೆ ಬರುವುದಿಲ್ಲ.

ಈಗ ಹೊಸ ಪಾಲಿಸಿ ಮಾಡಿಸಿ ಕಳೆದ ತಿಂಗಳ ವಿಷಯ ಅದರೊಳಗೆ ಸೇರಿಸಬಹುದಾ ಎಂದು ನೀವು ಯೋಚಿಸುತ್ತಿರಬಹುದು. ಆಗುವುದಿಲ್ಲ. ಗೊತ್ತಿರುವ ಘಟನೆಯನ್ನು ಮುಚ್ಚಿಟ್ಟು ವಿಮೆ ತೆಗೆದರೆ ಪಾಲಿಸಿಯೇ ರದ್ದಾಗಬಹುದು.

ಹಾಗಾದರೆ ಈಗೇನು ಮಾಡುವುದು? ಮೊದಲು ಆ ಹುಡುಗಿಗೆ ಚರ್ಮದ ಡಾಕ್ಟರ ಹತ್ತಿರ ಚಿಕಿತ್ಸೆ ಆಗಿದೆಯಾ ಎಂದು ವಿಚಾರಿಸಿ. ಇದನ್ನು ಕಾನೂನಿಗಾಗಿ ಹೇಳುತ್ತಿಲ್ಲ. ಮದುವೆಯ ಹೊತ್ತಿಗೆ ಮುಖ ಹಾಗಾದರೆ ಯಾರಿಗಾದರೂ ಸಂಕಟವೇ ಅಲ್ವಾ. ‘ಹೀಗಾಗಿದ್ದಕ್ಕೆ ಬೇಜಾರಾಗಿದೆ’ ಅನ್ನುವುದರಲ್ಲಿ ತಪ್ಪಿಲ್ಲ. ಆದರೆ ‘ತಪ್ಪು ನನ್ನದೇ, ಇಷ್ಟು ಕೊಡುತ್ತೇನೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದುಕೊಡಬೇಡಿ. ವಿಮೆ ಇರುವವರಿಗಂತೂ ಇದು ಪಾಲಿಸಿಯ ಷರತ್ತೇ: ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಳ್ಳುವ ಹಾಗಿಲ್ಲ.

ಗ್ರಾಹಕರ ಆಯೋಗಕ್ಕೆ (ನೀವು ಹೇಳಿದ ಗ್ರಾಹಕರ ಕೋರ್ಟು ಇದೇ) ಹೋಗುವ ಬೆದರಿಕೆ ಸುಮ್ಮನೆ ಹೆದರಿಸುವ ಮಾತಲ್ಲ. ಘಟನೆ ಆಗಿ 2 ವರ್ಷದೊಳಗೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಶುಲ್ಕದ ಲೆಕ್ಕ ಅವರು ಕೇಳುವ ಪರಿಹಾರದ ಮೇಲಲ್ಲ, ನಿಮಗೆ ಕೊಟ್ಟ ಹಣದ ಮೇಲೆ. ಆ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಅಂದರೆ 1,500 ರೂಪಾಯಿಯ ಫೇಶಿಯಲ್‌ಗೆ ಐದು ಲಕ್ಷ ಕೇಳಿ ದೂರು ಕೊಡಲು ಅವರಿಗೆ ಶುಲ್ಕದ ಖರ್ಚಿಲ್ಲ. ನೋಟಿಸ್ ಬಂದರೆ ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15. ಅದರ ಮೇಲೆ ಒಂದು ದಿನವೂ ಸಿಗುವುದಿಲ್ಲ. ಈ 45 ದಿನದ ಗೆರೆಯನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಎತ್ತಿಹಿಡಿದಿದೆ. ಲಕೋಟೆಯನ್ನು ಡ್ರಾಯರಿನಲ್ಲಿ ಇಟ್ಟು ಮರೆಯಬೇಡಿ.

ಕೇಳಿದ್ದನ್ನೆಲ್ಲ ಆಯೋಗ ಕೊಟ್ಟುಬಿಡುತ್ತದೆ ಎಂದೇನಿಲ್ಲ. ದೆಹಲಿಯ ದೊಡ್ಡ ಹೋಟೆಲಿನ ಸಲೂನಿನಲ್ಲಿ 2018ರಲ್ಲಿ ಕೂದಲು ತೀರಾ ಗಿಡ್ಡ ಕತ್ತರಿಸಿದರೆಂದು ಮಾಡೆಲ್ ಒಬ್ಬರು ದೂರು ಕೊಟ್ಟಿದ್ದರು. 2021ರಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗ 2 ಕೋಟಿ ರೂಪಾಯಿ ಪರಿಹಾರ ಹೇಳಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ತಳ್ಳಿಹಾಕಿ, ನಷ್ಟಕ್ಕೆ ಪುರಾವೆ ನೋಡಿ ಮತ್ತೆ ತೀರ್ಮಾನಿಸಿ ಎಂದು ವಾಪಸ್ ಕಳಿಸಿತು. ಜಗಳ ಅಲ್ಲಿಗೂ ಮುಗಿಯಲಿಲ್ಲ, ಆ ಮಾತು ಬಿಡಿ. ನಿಮಗೆ ಬೇಕಾದದ್ದು ಇಷ್ಟು: ಪುರಾವೆ ಅವರಿಗೂ ಬೇಕು, ನಿಮಗೂ ಬೇಕು.

ನಿಮ್ಮ ಹತ್ತಿರ ಏನಿದೆ? ಪ್ಯಾಚ್ ಟೆಸ್ಟ್, ಅಂದರೆ ಮೊದಲು ಚರ್ಮದ ಸಣ್ಣ ಜಾಗಕ್ಕೆ ಹಚ್ಚಿ ನೋಡುವುದು, ಮಾಡಿದ್ದಿರಾ? ಯಾವ ಕಂಪನಿಯ ಬ್ಲೀಚ್, ಬ್ಯಾಚ್ ನಂಬರ್ ಏನು, ಎಷ್ಟು ನಿಮಿಷ ಇಟ್ಟಿರಿ, ಬರೆದಿದ್ದೀರಾ? ಖಾಲಿ ಪ್ಯಾಕ್ ಇದ್ದರೆ ಎಸೆಯಬೇಡಿ. ಹುಡುಗಿ ಬೇರೆ ಯಾವ ಕ್ರೀಮ್ ಹಚ್ಚುತ್ತಿದ್ದಳು ಎಂದು ಕೇಳಿದ್ದಿರಾ? ನಮ್ಮ ಊರುಗಳಲ್ಲಿ ಬೆಳ್ಳಗಾಗಲು ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚುವವರು ಎಷ್ಟಿಲ್ಲ! ಹಾಗೆ ತೆಳುವಾದ ಚರ್ಮಕ್ಕೆ ಬ್ಲೀಚ್ ತಾಗಿದರೆ ಉರಿಯದೆ ಇರುತ್ತದಾ? ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುವವರಿಗೆ ವ್ಯಾಕ್ಸ್ ಮಾಡಿದರೆ ಚರ್ಮವೇ ಕಿತ್ತು ಬರಬಹುದು.

ನಾನು ಪಾರ್ಲರಿನವರಿಗೆ ಯಾವಾಗಲೂ ಹೇಳುವುದು, ಪಾಲಿಸಿಗಿಂತ ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ ಎಂದು. ಹೆಸರು, ತಾರೀಕು, ಅಲರ್ಜಿ, ಮಾತ್ರೆ, ಕ್ರೀಮ್, ಪ್ಯಾಚ್ ಟೆಸ್ಟ್, ಪಕ್ಕದಲ್ಲಿ ಗಿರಾಕಿಯ ಸಹಿ. ಸೀಸನ್ನಿನಲ್ಲಿ ಹತ್ತು ಜನ ಸಾಲಾಗಿ ಕೂತಿರುವಾಗ ಇದು ಕಿರಿಕಿರಿ ಅನ್ನುವುದು ನನಗೂ ಗೊತ್ತು. ಆದರೆ ಈ ಪುಸ್ತಕ ಇಲ್ಲದಿದ್ದರೆ ವಿಮಾ ಕಂಪನಿಯ ವಕೀಲರಿಗೂ ನಿಮ್ಮ ಪರ ಮಾತಾಡಲು ಏನೂ ಇರುವುದಿಲ್ಲ.

ಮುಂದೆ ಇಂಡೆಮ್ನಿಟಿ ಪಾಲಿಸಿ ತೆಗೆಯುವಾಗ ಒಂದು ವಿಷಯ ನೆನಪಿರಲಿ. ಇವು ಹೆಚ್ಚಾಗಿ ‘ಕ್ಲೇಮ್ಸ್ ಮೇಡ್’ ಪದ್ಧತಿಯವು. ಫೇಶಿಯಲ್ ಮಾಡಿದ ದಿನ ಪಾಲಿಸಿ ಇದ್ದರೆ ಸಾಲದು, ಗಿರಾಕಿ ಪರಿಹಾರ ಕೇಳಿದ ದಿನವೂ ಅದು ಚಾಲ್ತಿಯಲ್ಲಿರಬೇಕು. ಒಂದು ವರ್ಷ ಕಟ್ಟಿ, ‘ಏನೂ ಆಗಲಿಲ್ಲ, ದುಡ್ಡು ದಂಡ’ ಎಂದು ಬಿಟ್ಟರೆ ಹಿಂದಿನ ವರ್ಷದ ಕೆಲಸಕ್ಕೂ ರಕ್ಷಣೆ ಹೋಯಿತು. ರಿನ್ಯೂ ಮಾಡುವಾಗ ‘ರೆಟ್ರೊಆಕ್ಟಿವ್ ಡೇಟ್’ (ಯಾವ ದಿನದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಎನ್ನುವ ತಾರೀಕು) ಹಳೆಯದೇ ಉಳಿದಿದೆಯಾ ನೋಡಿ. ಒಂದು ಘಟನೆಗೆ ಗರಿಷ್ಠ ಎಷ್ಟು, ಇಡೀ ವರ್ಷಕ್ಕೆ ಎಷ್ಟು, ನಿಮ್ಮ ಕೈಯಿಂದ ಮೊದಲು ಎಷ್ಟು ಹೋಗಬೇಕು ಎನ್ನುವುದನ್ನೂ ಕೇಳಿ.

ಪ್ರಶ್ನೆ: ಮೈಸೂರಿನಲ್ಲಿ ಮನೆಯ ಮುಂದಿನ ರೂಮಿನಲ್ಲೇ ಪಾರ್ಲರ್ ಇದೆ. ಮನೆಗೆ ವಿಮೆ ಮಾಡಿಸಿದ್ದೇವೆ. ಮತ್ತೊಂದು ಯಾಕೆ?

ಉತ್ತರ: ಮನೆ ವಿಮೆ ಬರೆಯುವುದು ಮನೆಯ ಸಾಮಾನಿಗೆ. ಪಾರ್ಲರ್ ವಿಷಯ ಕಂಪನಿಗೆ ತಿಳಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ತಿಳಿಸಿ. ವ್ಯಾಪಾರದ ಸಾಮಾನಿಗೆ ಬೇರೆ ಪಾಲಿಸಿ ಮಾಡಿಸಿ, ಮೊತ್ತ ಕಡಿಮೆ ತೋರಿಸಬೇಡಿ. 10 ಲಕ್ಷದ ಸಾಮಾನಿಗೆ 6 ಲಕ್ಷದ ವಿಮೆ ಮಾಡಿಸಿ, 2 ಲಕ್ಷದ ನಷ್ಟವಾದರೆ ಸಿಗುವುದು 1 ಲಕ್ಷ 20 ಸಾವಿರ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಗೆ ಮಾಫಿ ಇದೆ, ಅದಕ್ಕಿಂತ ಜಾಸ್ತಿಯಾದರೆ ಇದೇ ಲೆಕ್ಕ. ಇನ್ನು, ಮದುಮಗಳ ಮೇಕಪ್ಪಿಗೆ ಬ್ಯಾಗ್ ಹೊತ್ತು ಛತ್ರಕ್ಕೆ ಹೋಗುತ್ತೀರಲ್ಲ, ಅಲ್ಲಿ ಬ್ಯಾಗ್ ಕಳೆದರೆ ಅಂಗಡಿ ವಿಮೆ ಸಾಮಾನ್ಯವಾಗಿ ಬರುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಸ್ಕಿನ್ ಸ್ಟುಡಿಯೊ ಇದೆ. 12 ಲಕ್ಷದ ಲೇಸರ್ ಯಂತ್ರ ಕರೆಂಟ್ ಏರುಪೇರಿಗೆ ಸುಟ್ಟಿತು. ಬೆಂಕಿ ವಿಮೆ ಇದ್ದರೂ ಕ್ಲೇಮ್ ತಿರಸ್ಕರಿಸಿದ್ದಾರೆ. ಏನು ಮಾಡಲಿ?

ಉತ್ತರ: ಬೆಂಕಿ ವಿಮೆಯಲ್ಲಿ ಶಾರ್ಟ್ ಸರ್ಕ್ಯೂಟ್, ಹೆಚ್ಚು ವೋಲ್ಟೇಜ್‌ನಿಂದ ಅದೇ ಯಂತ್ರಕ್ಕೆ ಆಗುವ ಹಾನಿಯನ್ನು ಹೊರಗಿಟ್ಟಿರುತ್ತಾರೆ. ಅಲ್ಲಿಂದ ಬೆಂಕಿ ಹರಡಿ ಬೇರೆ ಸಾಮಾನು ಸುಟ್ಟರೆ ಅದಕ್ಕೆ ಸಿಗುತ್ತದೆ. ಯಂತ್ರಕ್ಕೇ ಬೇಕಾದದ್ದು ‘ಎಲೆಕ್ಟ್ರಾನಿಕ್ ಇಕ್ವಿಪ್‌ಮೆಂಟ್’ ವಿಮೆ. ಹಾಗಾಗಿ ತಿರಸ್ಕಾರದ ಪತ್ರದಲ್ಲಿ ಯಾವ ಷರತ್ತು ತೋರಿಸಿದ್ದಾರೆ ನೋಡಿ. ಅದು ನಿಮ್ಮ ಪ್ರಕರಣಕ್ಕೆ ಹೊಂದುವುದಿಲ್ಲ ಅನ್ನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಬಗೆಹರಿಸುವ ಅಧಿಕಾರಿ) ಕಚೇರಿಗೆ ಹೋಗಬಹುದು. ಒಬ್ಬರದೇ ಮಾಲೀಕತ್ವದ ಅಂಗಡಿಗಳಿಗೂ ಸೂಕ್ಷ್ಮ ಉದ್ದಿಮೆಗಳಿಗೂ ಅಲ್ಲಿ ಅವಕಾಶವಿದೆ. ಶುಲ್ಕ ಇಲ್ಲ, ವಕೀಲರೂ ಬೇಡ.

ನೀವು ಕೇಳದಿದ್ದರೂ ಒಂದು ಮಾತು. ಆ ಲೇಸರನ್ನು ಯಾರು ಓಡಿಸುತ್ತಾರೆ? ಬೊಟಾಕ್ಸ್, ಫಿಲ್ಲರ್ ಇಂಜೆಕ್ಷನ್ನೂ ಕೊಡುತ್ತೀರಾ? ಅದು ಡಾಕ್ಟರ ಕೆಲಸ. ಹಾಗೆ ಕೊಡುವ ಜಾಗಕ್ಕೆ ಕರ್ನಾಟಕದಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯೂ ಬೇಕು. ವಿಮೆಯ ಅರ್ಜಿಯಾದ ಪ್ರಪೋಸಲ್ ಫಾರ್ಮಿನಲ್ಲಿ ‘ಬ್ಯೂಟಿ ಪಾರ್ಲರ್’ ಎಂದಷ್ಟೇ ಬರೆದು ಒಳಗೆ ಸೂಜಿ ಹಿಡಿದರೆ, ಆ ಕ್ಲೇಮ್ ತಿರಸ್ಕರಿಸಿದಾಗ ಒಂಬುಡ್ಸ್‌ಮನ್ ಹತ್ತಿರ ಹೋದರೂ ಪ್ರಯೋಜನವಾಗುವುದು ಕಷ್ಟ.