ಕಡಲಪಾಚಿ ಕ್ಯಾಪ್ಸೂಲ್ ಕೊಟ್ಟು ಇನ್‌ಹೇಲರ್ ಬಿಡಿಸಬಹುದೇ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಧೂಳು ತಾಗಿದರೆ ಸಾಕು, ಉಬ್ಬಸ ಶುರು. ದಿನಾ ಸ್ಟೀರಾಯ್ಡ್ ಇನ್‌ಹೇಲರ್ ತಗೊಳ್ಳುತ್ತಾನೆ. ನನ್ನ ತಮ್ಮ ಆನ್‌ಲೈನ್‌ನಲ್ಲಿ ಕಡಲಪಾಚಿಯ ಕ್ಯಾಪ್ಸೂಲ್ ತರಿಸಿದ್ದಾನೆ. ಅಲರ್ಜಿ ಅಸ್ತಮಾಗೆ ಒಳ್ಳೆಯದು ಎಂದು ಡಬ್ಬಿಯ ಮೇಲಿದೆ. ಇದನ್ನು ಕೊಟ್ಟು ಇನ್‌ಹೇಲರ್ ನಿಲ್ಲಿಸಬಹುದಾ ಡಾಕ್ಟ್ರೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಉಳಿದದ್ದೆಲ್ಲ ಆಮೇಲಿನ ಮಾತು.

ಸಮುದ್ರದಲ್ಲಿ ಅಸ್ತಮಾಗೆ ಮದ್ದು ಹುಡುಕುವುದು ಸುಳ್ಳೇನಲ್ಲ. ಪಪುವಾ ನ್ಯೂಗಿನಿಯ ಕಡಲಿನ ಸ್ಪಂಜ್ ಎಂಬ ಜೀವಿಯೊಂದರಲ್ಲಿ ಕೆನಡಾದ ರೇಮಂಡ್ ಆಂಡರ್ಸನ್ ಅವರ ತಂಡಕ್ಕೆ ಕಾಂಟಿಗ್ನಾಸ್ಟೆರಾಲ್ ಎಂಬ ವಸ್ತು ಸಿಕ್ಕಿತು. ವಿವರ ಪ್ರಕಟವಾದದ್ದು 1992ರಲ್ಲಿ. ಅಲರ್ಜಿಯಾದಾಗ ನಮ್ಮ ದೇಹದ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಹಾಕುತ್ತವೆ. ಶ್ವಾಸನಾಳ ಬಿಗಿಯುವುದರಲ್ಲಿ ಅದರ ಪಾಲೂ ಇದೆ. ಇಲಿಯ ಕೋಶಗಳಲ್ಲಿ ಹಿಸ್ಟಮಿನ್ ಹೊರಬರುವುದನ್ನು ಕಾಂಟಿಗ್ನಾಸ್ಟೆರಾಲ್ ತಡೆಯಿತು. ಅದೇ ಮಾದರಿಯಲ್ಲಿ ಲ್ಯಾಬ್‌ನಲ್ಲಿ ತಯಾರಿಸಿದ ಮದ್ದು ಮನುಷ್ಯರ ಮೇಲಿನ ಪರೀಕ್ಷೆವರೆಗೂ ಹೋಯಿತು. ಆದರೂ ಔಷಧಿ ಅಂಗಡಿಗೆ ಬರಲಿಲ್ಲ. ಅಷ್ಟು ಒಳ್ಳೆಯ ಆರಂಭವಿದ್ದ ವಸ್ತುವಿನ ಕಥೆಯೇ ಹೀಗೆ.

ಇನ್ನು ಕಂದು ಕಡಲಪಾಚಿಯಲ್ಲಿರುವ ಫ್ಯೂಕಾಯ್ಡನ್ ಎಂಬ ವಸ್ತು ಇಲಿಗಳಲ್ಲಿ ಶ್ವಾಸನಾಳದ ಊತ ತಗ್ಗಿಸಿದ್ದುಂಟು. ಆ ಇಲಿಗಳಿಗೆ ಸಾಮಾನ್ಯವಾಗಿ ಮೊಟ್ಟೆಯ ಬಿಳಿಭಾಗದ ಪ್ರೋಟೀನ್ ಕೊಟ್ಟು ಅಲರ್ಜಿ ಬರಿಸಿರುತ್ತಾರೆ. ವರ್ಷಗಟ್ಟಲೆ ಧೂಳಿನ ಅಲರ್ಜಿ ಇರುವ ಹುಡುಗನ ಶ್ವಾಸಕೋಶ ಬೇರೆಯೇ ಅಲ್ವಾ? ಜೊತೆಗೆ ಈ ಪಾಚಿಯಲ್ಲಿ ಅಯೋಡಿನ್ ಜಾಸ್ತಿ ಇರಬಹುದು. ಬೆಳೆಯುವ ಮಗುವಿನ ಥೈರಾಯ್ಡ್‌ಗೆ ಅದು ತೊಂದರೆ ಕೊಟ್ಟೀತು.

ಮೀನೆಣ್ಣೆಯ ಬಗ್ಗೆ ಮಾತ್ರ ಗಟ್ಟಿ ಸುದ್ದಿಯೊಂದಿದೆ. ಡೆನ್ಮಾರ್ಕಿನಲ್ಲಿ ಗರ್ಭಿಣಿಯರಿಗೆ 24ನೇ ವಾರದಿಂದ ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಂಶವನ್ನು ದಿನಾ 2.4 ಗ್ರಾಂ ಕೊಟ್ಟರು. ಅವರ ಮಕ್ಕಳಲ್ಲಿ ಅಸ್ತಮಾ ಅಥವಾ ಬಿಡದ ಉಬ್ಬಸ ಶೇ 16.9ರಷ್ಟು, ಕೊಡದವರ ಮಕ್ಕಳಲ್ಲಿ ಶೇ 23.7. ಇದು 2016ರಲ್ಲಿ ಪ್ರಕಟವಾಯಿತು. ಆದರೆ ಅದು ಹುಟ್ಟುವ ಮೊದಲಿನ ಮಾತು. ಈಗಾಗಲೇ ಅಸ್ತಮಾ ಇರುವ ನಿಮ್ಮ ಮಗನಿಗೆ ಅದನ್ನು ಹೊಂದಿಸುವಂತಿಲ್ಲ.

ಸ್ಟೀರಾಯ್ಡ್ ಎಂದರೆ ನಿಮಗೆ ಭಯವಿರಬಹುದು. ಇನ್‌ಹೇಲರ್‌ನಲ್ಲಿ ಹೋಗುವ ಪ್ರಮಾಣ ಸಣ್ಣದು, ಅದೂ ನೇರ ಶ್ವಾಸನಾಳಕ್ಕೆ. ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ಕಾಟವೂ ಕಡಿಮೆ. ಥಟ್ಟನೆ ನಿಲ್ಲಿಸಿದರೆ ಊತ ಮತ್ತೆ ಏರಿ, ಮಧ್ಯರಾತ್ರಿ ಆಸ್ಪತ್ರೆಗೆ ಓಡಬೇಕಾದೀತು. ಆ ಡಬ್ಬಿಯನ್ನೂ ಇನ್‌ಹೇಲರನ್ನೂ ನಿಮ್ಮ ಡಾಕ್ಟರ ಹತ್ತಿರ ಒಯ್ಯಿರಿ. ಅವರ ಮುಂದೆಯೇ ಮಗ ಒಂದು ಪಫ್ ತಗೊಂಡು ತೋರಿಸಲಿ. ಎಷ್ಟೋ ಸಲ ಮದ್ದು ಸರಿಯಿದ್ದು, ಎಳೆದುಕೊಳ್ಳುವ ಕ್ರಮ ತಪ್ಪಿರುತ್ತದೆ.