ಹೂ ಉದುರಿಸುವ ಬೀನ್ಸ್ ಬಳ್ಳಿ

ಪ್ರಶ್ನೆ: ಹಿತ್ತಲಿನಲ್ಲಿ ಕೋಲು ನೆಟ್ಟು ಹಬ್ಬಿಸಿದ ಬೀನ್ಸ್ ಬಳ್ಳಿಗಳು ಆಳೆತ್ತರ ಬೆಳೆದು ಸೊಂಪಾಗಿವೆ. ಬಿಸಿಲು ಜೋರಾದಂದಿನಿಂದ ಹೂವೇನೋ ಬಿಡುತ್ತಿವೆ, ಆದರೆ ಒಂದೂ ಕಾಯಿ ಕಚ್ಚುತ್ತಿಲ್ಲ. ಎರಡು ಬಾರಿ ಯೂರಿಯಾ ಕೊಟ್ಟೆ, ದಿನವೂ ಸಂಜೆ ಬಳ್ಳಿಯ ಮೇಲೆಲ್ಲ ನೀರು ಚಿಮುಕಿಸುತ್ತಿದ್ದೇನೆ. ಕಿತ್ತುಹಾಕುವುದೇ ಲೇಸೆ?

ಉತ್ತರ: ಕೀಳಬೇಡಿ. ನಿಮ್ಮ ಬಳ್ಳಿಗೆ ರೋಗವಿಲ್ಲ, ಸೆಕೆ ತಡೆಯುತ್ತಿಲ್ಲ ಅಷ್ಟೆ. ಹಗಲಿನ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 20–22 ಡಿಗ್ರಿಗಿಂತ ಕೆಳಗಿಳಿಯದೆ ಹೋದರೆ ಬೀನ್ಸ್ ಹೂವಿನ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಗರ್ಭ ಕಟ್ಟದ ಹೂವನ್ನು ಬಳ್ಳಿ ತಾನೇ ಕಳಚಿಬಿಡುತ್ತದೆ. ಹಗಲಿನ ಬಿಸಿಲನ್ನಷ್ಟೇ ನಾವು ದೂರುತ್ತೇವೆ, ಆದರೆ ತಂಪಾಗದ ರಾತ್ರಿಯ ಪಾಲು ಇದರಲ್ಲಿ ಕಡಿಮೆಯೇನಲ್ಲ. ಬೀನ್ಸ್ ಹೂವು ಸ್ವಕೀಯ ಪರಾಗಸ್ಪರ್ಶದ್ದಾದ್ದರಿಂದ ಜೇನುನೊಣ ಬರಲಿಲ್ಲವೆಂದು ಚಿಂತಿಸಬೇಕಾಗಿಲ್ಲ, ಬಳ್ಳಿಯನ್ನು ಅಲ್ಲಾಡಿಸಿಯೂ ಫಲವಿಲ್ಲ. ಪರಾಗ ರೂಪುಗೊಳ್ಳುವುದು ಮೊಗ್ಗಿನೊಳಗೆ, ಹೂ ಅರಳುವುದಕ್ಕೆ ಎಷ್ಟೋ ದಿನ ಮುಂಚೆ. ಆದ್ದರಿಂದ ಹವೆ ತಂಪಾದ ಮೇಲೂ ಒಂದು ವಾರ, ಹತ್ತು ದಿನ ಹೂ ಉದುರುತ್ತಲೇ ಇದ್ದರೆ ಗಾಬರಿಯಾಗಬೇಡಿ.

ಯೂರಿಯಾವನ್ನು ಇಂದೇ ನಿಲ್ಲಿಸಿ. ಬೀನ್ಸ್ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ; ಅದರ ಮೇಲೆ ನಾವೂ ಸುರಿದರೆ ಎಲೆ ಕೊಬ್ಬುತ್ತದೆ, ಹೂ ಹಿಂದೆ ಬೀಳುತ್ತದೆ. ನಿಮ್ಮ ಬಳ್ಳಿಯ ಸೊಂಪಿಗೆ ಅರ್ಧ ಕಾರಣ ಅದೇ ಇರಬಹುದು.

ಸಂಜೆಯ ಚಿಮುಕಿಸುವಿಕೆಯಿಂದ ಎಲೆ ರಾತ್ರಿಯಿಡೀ ಒದ್ದೆಯಾಗಿ ತುಕ್ಕುರೋಗಕ್ಕೆ ದಾರಿಯಾಗುತ್ತದೆ, ಮೇಲ್ಮಣ್ಣು ತೇವವಾದರೂ ಬೇರಿಗೆ ನೀರು ಮುಟ್ಟುವುದಿಲ್ಲ. ಬದಲಿಗೆ ಬೆಳಗ್ಗೆ ಬುಡಕ್ಕೆ, ಮಣ್ಣು ಒಂದು ಗೇಣು ಆಳದವರೆಗೆ ನೆನೆಯುವಷ್ಟು ನೀರು ಕೊಡಿ. ಎರಡು ಮೂರು ದಿನಗಳ ನಂತರ ಬೆರಳಿಟ್ಟು ನೋಡಿ, ಒಣಗಿದ್ದರೆ ಮತ್ತೆ ಕೊಡಿ. ಬುಡದ ಸುತ್ತ ನಾಲ್ಕೈದು ಬೆರಳು ದಪ್ಪಕ್ಕೆ ಒಣಹುಲ್ಲು ಅಥವಾ ತರಗೆಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಂತೆ ಬಿಡಿ. ಪಶ್ಚಿಮದ ಇಳಿಬಿಸಿಲು ನೇರವಾಗಿ ಹೊಡೆಯುತ್ತಿದ್ದರೆ ಆ ಬದಿಗೆ 30–40 ಶೇಕಡಾ ನೆರಳಿನ ಪರದೆ ಕಟ್ಟಿ. ಅದಕ್ಕಿಂತ ದಟ್ಟವಾದರೆ ಬೆಳಕು ಸಾಲದೆ ಹೂವೇ ಕಡಿಮೆಯಾದೀತು.

ಇಷ್ಟು ಮಾಡಿದರೂ ಕಡುಬೇಸಿಗೆಯಲ್ಲಿ ಬುಟ್ಟಿ ತುಂಬ ಕಾಯಿ ಸಿಗುತ್ತದೆಂದು ನಾನು ಹೇಳಲಾರೆ. ಬಳ್ಳಿಯನ್ನು ಜೀವಂತವಾಗಿ ದಾಟಿಸುವುದೇ ಈಗಿನ ಕೆಲಸ. ಗಿಡಬೀನ್ಸ್ ಒಮ್ಮೆಗೇ ಹೂ ಬಿಟ್ಟು ಮುಗಿಸುತ್ತದೆ, ಬಳ್ಳಿಬೀನ್ಸ್ ತಿಂಗಳುಗಟ್ಟಲೆ ಹೊಸ ಹೂ ಕೊಡುತ್ತಿರುತ್ತದೆ. ತಂಪು ಮರಳಿದಾಗ ಅದು ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಎಲೆಯ ಅಡಿಭಾಗ ನೋಡುತ್ತಿರಿ. ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ, ಕೆಳಗೆ ನವಿರಾದ ಬಲೆ ಕಂಡರೆ ಅದು ಒಣಹವೆಯಲ್ಲಿ ಹೆಚ್ಚುವ ಜೇಡನುಸಿ. ಬೆಳಗಿನ ಹೊತ್ತು ಎಲೆಯಡಿಗೆ ರಭಸವಾಗಿ ನೀರು ಹಾಯಿಸಿ ತೊಳೆದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಅಲ್ಲೊಂದು ಇಲ್ಲೊಂದು ಕಚ್ಚಿದ ಕಾಯಿಯನ್ನು ಎಳೆಯದಾಗಿರುವಾಗಲೇ ಕೊಯ್ಯಿರಿ. ಬೀಜ ಬಲಿಯಲು ಬಿಟ್ಟರೆ ಬಳ್ಳಿ ಹೊಸ ಹೂವಿನತ್ತ ಮನಸ್ಸು ಮಾಡುವುದಿಲ್ಲ.

ಪ್ರಶ್ನೆ: ಬೇಸಿಗೆಯಲ್ಲೇ ಕಾಯಿ ಕೊಡುವ ಬಳ್ಳಿ ಯಾವುದಾದರೂ ಇದೆಯೆ?

ಉತ್ತರ: ಇದೆ, ಮೊಳದುದ್ದದ ಕಾಯಿ ಬಿಡುವ ಬಳ್ಳಿ ಅಲಸಂದೆ. ಬೀನ್ಸ್ ಸೋಲುವ ಸೆಕೆಯಲ್ಲಿ ಅದು ಹುರುಪಿನಿಂದ ಹಬ್ಬುತ್ತದೆ. ಅದೇ ಬಗೆಯ ಆಸರೆ ಸಾಕು. ರುಚಿ ಬೀನ್ಸಿನದಲ್ಲ ಎಂಬುದಷ್ಟೇ ತಕರಾರು. ಬೀನ್ಸೇ ಬೇಕೆಂದರೆ, ಬಿತ್ತಿದ ಆರೇಳು ವಾರಕ್ಕೆ ಹೂ ಬರುವುದರಿಂದ, ಆ ಹೊತ್ತಿಗೆ ಸೆಕೆ ಇಳಿದಿರುವಂತೆ ಹಿಂದಕ್ಕೆ ಎಣಿಸಿ ಬಿತ್ತಿರಿ.